ಪರನಾಡಿನ ಅಧ್ಯಾಪಕನ ಕ್ರಿಸ್ತ ಜಯಂತಿ

ಕ್ರಿಸ್ತ ಜಯಂತಿಯನ್ನು ನಾವು ಮನೆ ಸೇರುವ ಹಬ್ಬವೆಂದೇ ಭಾವಿಸುತ್ತೇವೆ. ಮಕ್ಕಳು ಕಟ್ಟುವ ಗೋದಲಿ, ಕುಸ್ವಾರಿನ ತಟ್ಟೆ, ನಡುರಾತ್ರಿಯ ಬಲಿಪೂಜೆಯಿಂದ ಒಟ್ಟಾಗಿ ಹಿಂದಿರುಗುವ ಕುಟುಂಬ, ಎಲ್ಲವೂ ಆ ಭಾವನೆಯನ್ನು ದೃಢಪಡಿಸುತ್ತವೆ. ಆದರೆ ಶುಭಸಂದೇಶವು ತಿಳಿಸುವ ಆ ಮೊದಲ ರಾತ್ರಿ ಮಾತೆ ಮರಿಯಮ್ಮನವರಾಗಲಿ ಸಂತ ಜೋಸೆಫರಾಗಲಿ ತಮ್ಮ ಮನೆಯಲ್ಲಿರಲಿಲ್ಲ. ಉದ್ಯೋಗಕ್ಕಾಗಿ ಪರನಾಡಿಗೆ ತೆರಳಿ ಹಬ್ಬದ ದಿನಗಳನ್ನು ಒಂಟಿಯಾಗಿ ಕಳೆಯುವವರು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲೂ ಅನೇಕರಿದ್ದಾರೆ. ಅವರನ್ನು ನೆನೆಯುವಾಗ, ಯೇಸುಸಭೆಯ ಗುರುವೂ ಆಂಗ್ಲ ಕವಿಯೂ ಆಗಿದ್ದ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಅವರ ಬದುಕು ನಮ್ಮ ಚಿಂತನೆಗೆ ತಕ್ಕುದಾಗಿದೆ.

ಹಾಪ್ಕಿನ್ಸ್ ಹುಟ್ಟಿದ್ದು 1844ರ ಜುಲೈ 28ರಂದು, ಲಂಡನ್ನಿನ ಸಮೀಪದ ಸ್ಟ್ರಾಟ್‌ಫರ್ಡ್‌ನಲ್ಲಿ. ಒಂಬತ್ತು ಮಕ್ಕಳ ಆಂಗ್ಲಿಕನ್ ಕುಟುಂಬದಲ್ಲಿ ಅವರೇ ಹಿರಿಯರು. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಓದುತ್ತಿದ್ದಾಗಲೇ ಅವರ ಅಂತಃಸಾಕ್ಷಿ ಕಥೋಲಿಕ ಧರ್ಮಸಭೆಯ ಕಡೆಗೆ ವಾಲಿತು. 1866ರ ಅಕ್ಟೋಬರ್ 21ರಂದು, ಮುಂದೆ 2019ರಲ್ಲಿ ಸಂತ ಪದವಿಗೇರಿದ ಜಾನ್ ಹೆನ್ರಿ ನ್ಯೂಮನ್ ಅವರೇ ಅವರನ್ನು ಧರ್ಮಸಭೆಗೆ ಬರಮಾಡಿಕೊಂಡರು. ತಂದೆತಾಯಿಯರಿಗೆ ಇದು ತಡೆಯಲಾರದ ನೋವಾಯಿತು. ಆ ವರ್ಷದ ಕ್ರಿಸ್ತ ಜಯಂತಿಗೆ ಮಗನು ಮನೆಗೆ ಹೋಗಬಹುದೇ ಎಂಬುದೇ ಪ್ರಶ್ನೆಯಾಗಿತ್ತು. ನ್ಯೂಮನ್ ಅವರು ತಮ್ಮಲ್ಲಿಗೆ ಬರುವಂತೆ ಕರೆದಿದ್ದರು. ಆದರೆ ಮನೆಯಲ್ಲಿ ಸಮಾಧಾನದಿಂದ ಇರಲು ಸಾಧ್ಯವಾದರೆ ಮನೆಯೇ ಉತ್ತಮವಾದ ಸ್ಥಳವೆಂದು ತಿಳಿಯಹೇಳಿದರು. ಹೊಸ ವಿಶ್ವಾಸಿಯನ್ನು ಹೆತ್ತವರಿಂದ ಬೇರ್ಪಡಿಸಲು ಬಯಸದ ಆ ವಿವೇಕ ಇಂದಿಗೂ ಸ್ಮರಣೀಯ. ಹಾಪ್ಕಿನ್ಸ್ ಮತ್ತು ಅವರ ಮನೆಯವರ ನಡುವೆ ಪ್ರೀತಿ ಕಡಿಯಲಿಲ್ಲ. ಆದರೆ ಪ್ರಾರ್ಥನೆಯಲ್ಲಿ ಒಂದಾಗುವ ಭಾಗ್ಯ ಮರಳಿ ಬರಲಿಲ್ಲ.

1868ರಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಅದಕ್ಕೆ ಮೊದಲು ತಾವು ಬರೆದಿದ್ದ ಕವಿತೆಗಳನ್ನು ಸುಟ್ಟುಹಾಕಿದರು. 1872ರಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಮಧ್ಯಯುಗದ ಫ್ರಾನ್ಸಿಸ್ಕನ್ ಚಿಂತಕ ಡನ್ಸ್ ಸ್ಕೋಟಸ್ ಅವರ ಗ್ರಂಥ ಕೈಗೆ ಸಿಕ್ಕಿತು. ಒಂದು ವಸ್ತುವನ್ನು ಅದರ ಜಾತಿಯಿಂದ ಮಾತ್ರ ಅರಿತರೆ ಸಾಲದು, ಅದು ಬೇರಾವುದೂ ಅಲ್ಲದ ಇದೇ ಆಗಿರುವ ಒಂದು ಅನನ್ಯತೆ ಅದಕ್ಕಿದೆ ಎಂಬುದು ಸ್ಕೋಟಸ್ ಅವರ ಬೋಧನೆ. ದೇವರು ಮನುಷ್ಯಕುಲವನ್ನು ಸಗಟಾಗಿ ಸೃಷ್ಟಿಸಲಿಲ್ಲ, ಈ ಮನುಷ್ಯನನ್ನು, ಈ ಮನುಷ್ಯಳನ್ನು ಸೃಷ್ಟಿಸಿದರು ಎಂದು ನಾವು ಇದನ್ನು ಸರಳವಾಗಿ ಹೇಳಬಹುದು. ಹಾಪ್ಕಿನ್ಸ್ ಅವರ ಕಾವ್ಯಕ್ಕೆಲ್ಲ ಈ ನೋಟವೇ ತಳಹದಿ. 1875ರ ಡಿಸೆಂಬರಿನಲ್ಲಿ ಡಾಯ್ಚ್‌ಲ್ಯಾಂಡ್ ಎಂಬ ಹಡಗು ಒಡೆದು, ಜರ್ಮನಿಯಿಂದ ಗಡೀಪಾರಾಗಿ ಬರುತ್ತಿದ್ದ ಐವರು ಫ್ರಾನ್ಸಿಸ್ಕನ್ ಸನ್ಯಾಸಿನಿಯರು ಮಡಿದರು. ಅವರನ್ನು ಕುರಿತ ದೀರ್ಘ ಕವಿತೆಯಿಂದ ಹಾಪ್ಕಿನ್ಸ್ ಏಳು ವರ್ಷಗಳ ಮೌನವನ್ನು ಮುರಿದರು. ಯೇಸುಸಭೆಯ ಪತ್ರಿಕೆಯೇ ಅದನ್ನು ಪ್ರಕಟಿಸಲು ಹಿಂಜರಿಯಿತು. 1877ರಲ್ಲಿ ಗುರುದೀಕ್ಷೆ ಪಡೆದು, ಲಿವರ್‌ಪೂಲ್, ಗ್ಲಾಸ್ಗೋ ಮುಂತಾದ ಕೈಗಾರಿಕಾ ನಗರಗಳ ಬಡವರ ನಡುವೆ ಸೇವೆ ಸಲ್ಲಿಸಿದರು.

1884ರ ಫೆಬ್ರವರಿಯಲ್ಲಿ ಮೇಲಧಿಕಾರಿಗಳ ಆದೇಶದಂತೆ ಡಬ್ಲಿನ್ನಿಗೆ ಬಂದರು. ನ್ಯೂಮನ್ ಅವರು ಮೂವತ್ತು ವರ್ಷಗಳ ಹಿಂದೆ ಸ್ಥಾಪಿಸಿದ್ದ ಕಥೋಲಿಕ ವಿಶ್ವವಿದ್ಯಾಲಯದ ಕಟ್ಟಡದಲ್ಲೇ ಯೂನಿವರ್ಸಿಟಿ ಕಾಲೇಜು ನಡೆಯುತ್ತಿತ್ತು. ಅಲ್ಲಿ ಅವರು ಗ್ರೀಕ್ ಪ್ರಾಧ್ಯಾಪಕರಾದರು. ಆಗ ಐರ್ಲೆಂಡ್ ಬ್ರಿಟಿಷ್ ಆಳ್ವಿಕೆಗೇ ಸೇರಿದ್ದರೂ ಆಂಗ್ಲನೊಬ್ಬನಿಗೆ ಅದು ಪರನಾಡೇ. ಸ್ವಯಮಾಡಳಿತದ ಹೋರಾಟ ಕಾವೇರಿತ್ತು. ಆ ಹೋರಾಟದಲ್ಲಿ ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷ ವಾಲ್ಶ್ ಅವರೂ ಜನರ ಪಕ್ಷದಲ್ಲಿದ್ದರು. ತಾಯ್ನಾಡನ್ನು ಪ್ರೀತಿಸುತ್ತಿದ್ದ ಹಾಪ್ಕಿನ್ಸ್ ಅವರಿಗೆ ಸುತ್ತಲಿನ ಮಾತೆಲ್ಲ ಮುಳ್ಳಾಯಿತು. ಇಂಗ್ಲೆಂಡಿನಲ್ಲಿ ಕಥೋಲಿಕರೆಂಬ ಕಾರಣಕ್ಕೆ ಅನ್ಯರಾದವರು, ಕಥೋಲಿಕರ ನಾಡಿನಲ್ಲಿ ಆಂಗ್ಲರೆಂಬ ಕಾರಣಕ್ಕೆ ಅನ್ಯರಾದರು.

ಪಾಠಕ್ಕಿಂತಲೂ ಪರೀಕ್ಷೆಗಳು ಅವರನ್ನು ಹಿಂಡಿದವು. ರಾಯಲ್ ಯೂನಿವರ್ಸಿಟಿಯ ಪರೀಕ್ಷಕರಾಗಿ ವರ್ಷದಲ್ಲಿ ಹಲವು ಸಲ ಉತ್ತರಪತ್ರಿಕೆಗಳ ರಾಶಿಯನ್ನು ತಿದ್ದಬೇಕಾಗಿತ್ತು. ಒಮ್ಮೆಗೇ 500ಕ್ಕೂ ಮಿಕ್ಕಿ ಪತ್ರಿಕೆಗಳು ಮೇಜಿನ ಮೇಲೆ ಬೀಳುತ್ತಿದ್ದವು. ಯಾರಿಗೂ ಅನ್ಯಾಯವಾಗಬಾರದೆಂದು ಒಂದೊಂದು ಅಂಕವನ್ನೂ ತೂಗಿ ನೋಡುವ ಅವರ ಸ್ವಭಾವ ಆಯಾಸವನ್ನು ಇಮ್ಮಡಿಸಿತು. ಕಣ್ಣು ಬಳಲಿತು, ನಿದ್ರೆ ಕೆಟ್ಟಿತು, ಮನಸ್ಸನ್ನು ವಿಷಾದ ಆವರಿಸಿತು. 1885ರ ಸುಮಾರಿಗೆ ಅವರು ಬರೆದ ಸಾನೆಟ್‌ಗಳು ದೇವರ ಮೌನದ ಮುಂದೆ ನಿಂತ ವಿಶ್ವಾಸಿಯ ಮೊರೆಯಾಗಿವೆ.

ಇಂಥ ದಿನಗಳಲ್ಲಿ ಒಂದು ಬಾಗಿಲು ತೆರೆಯಿತು. ಡಬ್ಲಿನ್ನಿನ ನೈಋತ್ಯಕ್ಕೆ, ಕಿಲ್ಡೇರ್ ಕೌಂಟಿಯಲ್ಲಿ ಬ್ಯಾರೋ ನದಿಯ ದಡದ ಮೊನಾಸ್ಟರೆವಿನ್ ಎಂಬ ಸಣ್ಣ ಪಟ್ಟಣದಲ್ಲಿ ಕ್ಯಾಸಿಡಿ ಎಂಬ ಕಥೋಲಿಕ ಕುಟುಂಬವಿತ್ತು. ಅಲ್ಲಿನ ಹೆಸರಾಂತ ವಿಸ್ಕಿ ಕಾರ್ಖಾನೆ ಆ ಕುಟುಂಬದ್ದು. ವಯೋವೃದ್ಧೆಯಾದ ಮಿಸ್ ಕ್ಯಾಸಿಡಿ ಮತ್ತು ಅವರ ಸಹೋದರಿ 1886ರ ಕ್ರಿಸ್ತ ಜಯಂತಿಯ ರಜೆಗೆ ಹಾಪ್ಕಿನ್ಸ್ ಅವರನ್ನು ತಮ್ಮ ಮನೆಗೆ ಕರೆದರು. ಮುಂದಿನ ವರ್ಷಗಳಲ್ಲೂ ಮತ್ತೆ ಮತ್ತೆ ಕರೆದರು. ಆ ಮೊದಲ ಹಬ್ಬದ ದಿನಗಳಲ್ಲಿ, ಸ್ಥಳೀಯ ಅಣ್ಣತಂಗಿಯರಿಬ್ಬರ ಚಿತ್ರಪಟವನ್ನು ನೋಡಿ ಅವರು ಕವಿತೆಯೊಂದನ್ನು ಆರಂಭಿಸಿದರು. ಅದು ಅಪೂರ್ಣವಾಗಿಯೇ ಉಳಿಯಿತು. ಅಲ್ಲಿ ಒಂದು ಕ್ರಿಸ್ತ ಜಯಂತಿಯಂದು ಧರ್ಮಕೇಂದ್ರದ ಗುರುಗಳಿಗೆ ನೆರವಾಗಿ, ಸಾಲುಗಟ್ಟಿ ಬಂದ ನೂರಾರು ಜನರಿಗೆ ಪರಮಪ್ರಸಾದ ಹಂಚಿದರು. ರಾಜಕೀಯವಾಗಿ ಯಾರ ಕೋಪ ತಮ್ಮ ನಾಡಿನ ಮೇಲಿತ್ತೋ ಅದೇ ಜನ ತಮ್ಮ ಕೈಯಿಂದ ಕ್ರಿಸ್ತನನ್ನು ಸ್ವೀಕರಿಸುತ್ತಿದ್ದರು. ಅವರ ಭಕ್ತಿಯನ್ನು ಕುರಿತು ಹಾಪ್ಕಿನ್ಸ್ ತಾಯಿಗೆ ಮೆಚ್ಚುಗೆಯಿಂದ ಪತ್ರ ಬರೆದರು. ಮಿಸ್ ಕ್ಯಾಸಿಡಿಯವರ ಮನೆ ತಮ್ಮ ಬದುಕಿನ ಆಸರೆಗಳಲ್ಲೊಂದೆಂದು ಸ್ನೇಹಿತ ರಾಬರ್ಟ್ ಬ್ರಿಜಸ್ ಅವರಿಗೆ ತಿಳಿಸಿದರು.

ಆ ಮನೆಯವರು ಮಾಡಿದ್ದಾದರೂ ಏನು? ಒಂದು ಕೋಣೆ, ಊಟ, ಕೆಲವು ದಿನಗಳ ವಿಶ್ರಾಂತಿ, ಅಷ್ಟೇ. ಆದರೆ ತತ್ತ್ವಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಆಂಗ್ಲ, ಪ್ರಾಧ್ಯಾಪಕ, ಪರದೇಶಿ ಎಂಬ ಶಬ್ದಗಳೆಲ್ಲ ಜಾತಿವಾಚಕಗಳು. ಅವುಗಳಿಂದ ಒಬ್ಬ ಮನುಷ್ಯನನ್ನು ವಿಂಗಡಿಸಬಹುದು, ಗುರುತಿಸಲಾಗದು. ಸ್ಕೋಟಸ್ ಗ್ರಂಥದಲ್ಲಿ ಬೋಧಿಸಿದ್ದನ್ನು, ಅವರ ಹೆಸರನ್ನೇ ಓದಿರಲಾರದ ಆ ಗೃಹಿಣಿಯರು ತಮ್ಮ ಊಟದ ಮೇಜಿನಲ್ಲಿ ಆಚರಿಸಿದರು. ದಣಿದ ಈ ಒಬ್ಬರನ್ನು ಈ ಒಬ್ಬರೆಂದೇ ಕಂಡರು.

ಅತಿಥಿಸತ್ಕಾರದಿಂದ ಎಲ್ಲ ಸಂಕಟವೂ ನೀಗಿತೆಂದು ನಾವು ಹೇಳಲಾರೆವು. 1889ರ ಹೊಸವರ್ಷದ ತಪೋಧ್ಯಾನದಲ್ಲಿ ಹಾಪ್ಕಿನ್ಸ್ ತಮ್ಮ ಜೀವನವನ್ನು ಅವಲೋಕಿಸಿದಾಗ ಅವರಿಗೆ ಕಂಡದ್ದು ನಿಷ್ಫಲತೆಯೇ. ಅದೇ ವರ್ಷ ಅವರಿಗೆ ವಿಷಮಶೀತ ಜ್ವರ ತಗಲಿತು. ತಂದೆತಾಯಿ ಸಮುದ್ರ ದಾಟಿ ಬಂದು ಮಗನ ಹಾಸಿಗೆಯ ಬಳಿ ಇದ್ದರು. ಜೂನ್ 8ರಂದು, 44ನೆಯ ವಯಸ್ಸಿನಲ್ಲಿ, ತಾನು ಸಂತೋಷವಾಗಿದ್ದೇನೆಂದು ಹೇಳುತ್ತಾ ಅವರು ಕಣ್ಮುಚ್ಚಿದರೆಂದು ದಾಖಲಾಗಿದೆ. ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಯೇಸುಸಭೆಯವರ ಸಾಮೂಹಿಕ ಸಮಾಧಿಯಲ್ಲಿ ಅವರಿದ್ದಾರೆ. ಬ್ರಿಜಸ್ ಅವರು ಜೋಪಾನವಾಗಿಟ್ಟಿದ್ದ ಕವಿತೆಗಳು 1918ರಲ್ಲಿ ಕೇವಲ 750 ಪ್ರತಿಗಳಲ್ಲಿ ಹೊರಬಂದವು. 1975ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಹಾಕವಿಗಳ ಸಾಲಿನಲ್ಲಿ ಅವರ ಸ್ಮಾರಕಶಿಲೆ ಸ್ಥಾಪನೆಯಾಯಿತು.

ಹಾಪ್ಕಿನ್ಸ್ ಡಬ್ಲಿನ್ನಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಯೇಸುಸಭೆಯ ಇಟಲಿಯ ಗುರುಗಳು ನಮ್ಮ ಮಂಗಳೂರಿನಲ್ಲಿ ಪಾಠ ಹೇಳುತ್ತಿದ್ದರು. 1878ರ ಡಿಸೆಂಬರ್ 31ರಂದು, ಹಬ್ಬದ ದಿನಗಳನ್ನು ಪ್ರಯಾಣದಲ್ಲೇ ಕಳೆದು ಬಂದಿಳಿದ ಅವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅವರೂ ತಮ್ಮ ಮನೆಯ ಹಬ್ಬವನ್ನು ಬಿಟ್ಟು ಬಂದವರೇ. ಇಂದು ನಮ್ಮ ಊರುಗಳ ಶಾಲೆ, ಆಸ್ಪತ್ರೆ, ಕಟ್ಟಡಗಳ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರು ಅನೇಕರಿದ್ದಾರೆ. ನಡುರಾತ್ರಿಯ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರೇ ನಿಂತವರನ್ನು ಹೆಸರು ಕೇಳಿ ಮನೆಗೆ ಕರೆಯೋಣ. ಆ ಕರೆಯಿಂದ ಅವರ ಎಲ್ಲ ಭಾರವೂ ಇಳಿಯದಿರಬಹುದು. ಹಬ್ಬದ ದಿನ ಅದನ್ನು ಒಬ್ಬರೇ ಹೊರಬೇಕಾದ ಪ್ರಮೇಯ ತಪ್ಪುತ್ತದೆ.