ಕಾಲಡಿಯನ್ನು ಬೆಳಕಿಗೆ ತಂದ ಶೃಂಗೇರಿ ಯತಿ

ಅಂದಿನ ಕಡೂರು ಜಿಲ್ಲೆಗೆ ಸೇರಿದ್ದ ಶೃಂಗೇರಿಯ ಶಾರದಾ ಪೀಠದಲ್ಲಿ 33ನೇ ಜಗದ್ಗುರುಗಳಾಗಿದ್ದವರು ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು. 1858ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಶಿವಸ್ವಾಮಿ. ತಂದೆ ಕುಣಿಗಲ್ ರಾಮಶಾಸ್ತ್ರಿಗಳು ಹೆಸರಾಂತ ವಿದ್ವಾಂಸರು.

1866ರಲ್ಲಿ, ಎಂಟರ ಎಳೆಯ ವಯಸ್ಸಿನಲ್ಲೇ, ಅಂದಿನ ಪೀಠಾಧಿಪತಿ ವೃದ್ಧ ನೃಸಿಂಹ ಭಾರತೀ ಸ್ವಾಮಿಗಳಿಂದ ಸನ್ಯಾಸ ದೀಕ್ಷೆ ಪಡೆದರು. 1879ರಲ್ಲಿ ಗುರುಗಳು ಬ್ರಹ್ಮೈಕ್ಯರಾದಾಗ, ಇಪ್ಪತ್ತರ ಆಸುಪಾಸಿನ ಶಿಷ್ಯನ ಹೆಗಲಿಗೆ ಪುರಾತನ ಪೀಠದ ಭಾರ ಬಿತ್ತು.

ಶಾಸ್ತ್ರಾಧ್ಯಯನದ ಪರಂಪರೆ ಕ್ಷೀಣಿಸದಂತೆ ಶೃಂಗೇರಿ ಹಾಗೂ ಬೆಂಗಳೂರಿನಲ್ಲಿ ಪಾಠಶಾಲೆಗಳನ್ನು ಸ್ಥಾಪಿಸಿದರು. ಮಠದ ಮೂಲಪುರುಷರಾದ ಆದಿಶಂಕರರ ಜನ್ಮಸ್ಥಳ ಜನರ ನೆನಪಿನಿಂದ ಮರೆಯಾಗಿದ್ದುದು ಅವರನ್ನು ಬಹುವಾಗಿ ಕಾಡಿತ್ತು. ತಿರುವಾಂಕೂರು ಸಂಸ್ಥಾನದ ನೆರವಿನಿಂದ ಪೆರಿಯಾರ್ ನದಿ ದಡದ ಕಾಲಡಿಯಲ್ಲಿ 1910ರ ಫೆಬ್ರವರಿ 21ರಂದು ಶಾರದೆ ಮತ್ತು ಶಂಕರರ ವಿಗ್ರಹಗಳನ್ನು ಪ್ರತಿಷ್ಠಾಪಿಸಿದರು. ಅವರ ಪ್ರೇರಣೆಯಿಂದಲೇ ಶ್ರೀರಂಗದ ವಾಣೀವಿಲಾಸ ಮುದ್ರಣಾಲಯ ಶಂಕರರ ಸಮಗ್ರ ಕೃತಿಗಳನ್ನು 20 ಸಂಪುಟಗಳಲ್ಲಿ ಹೊರತಂದಿತು.

ಉತ್ತರಾಧಿಕಾರಿಯಾಗಿ ಅವರು ಮನಸ್ಸಿನಲ್ಲೇ ಆರಿಸಿದ್ದು ಬೆಂಗಳೂರು ಪಾಠಶಾಲೆಯ ವಿದ್ಯಾರ್ಥಿ ನರಸಿಂಹನನ್ನು. ಆದರೆ ಶಿಷ್ಯ ಶೃಂಗೇರಿ ತಲುಪುವ ಮುನ್ನವೇ, 1912ರ ಮಾರ್ಚ್‌ನಲ್ಲಿ, ಗುರುಗಳು ದೇಹತ್ಯಾಗ ಮಾಡಿದರು. ತಾವು ಬಾಲ್ಯದಲ್ಲಿ ಗುರುಹಸ್ತದಿಂದ ಪಡೆದ ದೀಕ್ಷೆಯನ್ನು ಶಿಷ್ಯನಿಗೆ ಸ್ವಹಸ್ತದಿಂದ ನೀಡುವ ಅವಕಾಶ ಅವರಿಗೆ ಒದಗಲಿಲ್ಲ. ಆದರೂ ಪರಂಪರೆ ಕಡಿಯಲಿಲ್ಲ. ಅದೇ ಏಪ್ರಿಲ್ 7ರಂದು ಸನ್ಯಾಸ ಸ್ವೀಕರಿಸಿದ ನರಸಿಂಹ, ಶ್ರೀ ಚಂದ್ರಶೇಖರ ಭಾರತೀ ಎಂಬ ಹೆಸರಿನಿಂದ ಪೀಠವನ್ನೇರಿದರು. ಗುರುಗಳು ಕೈಗೆತ್ತಿಕೊಂಡಿದ್ದ ಶಾರದಾಂಬೆಯ ಶಿಲಾದೇಗುಲದ ಕುಂಭಾಭಿಷೇಕವನ್ನು 1916ರಲ್ಲಿ ನೆರವೇರಿಸಿದವರೂ ಅವರೇ.