ಎಕ್ಸ್‌ರೇ ಹಿಡಿದು ಜೀವದೊಳಕ್ಕೆ ಹೊಕ್ಕ ಜಿ.ಎನ್. ರಾಮಚಂದ್ರನ್

ನಮ್ಮ ಕುಂತೂರಿನ ಕಡೆ ಪಿಯುಸಿ ಮುಗಿಸಿ ಬಿಎಸ್ಸಿಗೆ ಹೊರಟ ಮಕ್ಕಳಿಗೆ ಎದುರಾಗುವ ಮೊದಲ ಪ್ರಶ್ನೆ: ಪಿಸಿಎಂಓ, ಸಿಬಿಝಡ್‌ಓ? ಭೌತಶಾಸ್ತ್ರವೂ ಬೇಕು, ಜೀವಶಾಸ್ತ್ರವೂ ಬೇಕು ಅಂದ್ರೆ ಹುಡುಗಿಗೆ ತಲೆ ಕೆಟ್ಟಿದೆ ಅಂತಾರೆ. ಅಂಥವರಿಗೆ ನಾನು ಹೇಳೋದು ಜಿ.ಎನ್. ರಾಮಚಂದ್ರನ್ ಕತೆ.

1922ರಲ್ಲಿ ಕೇರಳದಲ್ಲಿ ಹುಟ್ಟಿದ ಅವರು 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಇದನ್ನು ಗುರುಶಿಷ್ಯರ ಮಹಿಮೆಯಾಗಿ ಹೇಳುವವರೇ ಹೆಚ್ಚು. ನನಗೆ ಕಾಣೋದು ಬೇರೆ: ಒಬ್ಬ ವಿದ್ಯಾರ್ಥಿ ವಿಭಾಗ ದಾಟಲು ಅಲ್ಲಿ ಅಡ್ಡಿ ಇರಲಿಲ್ಲ.

ಕೇಂಬ್ರಿಡ್ಜ್ ಮುಗಿಸಿ ಬಂದು, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಬರ್ನಾಲ್, ಕೊಲಾಜೆನ್ ರಚನೆ ಇನ್ನೂ ಬಿಡಿಸಿಲ್ಲ ಅಂತ ಸುಳಿವು ಕೊಟ್ಟರು. ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಪ್ರೋಟೀನ್ ಅದು. ಪಕ್ಕದ ಚರ್ಮ ಸಂಶೋಧನಾ ಸಂಸ್ಥೆಯಿಂದ ಮಾದರಿ ತರಿಸಿದರು. ಕಾಂಗರೂ ಬಾಲದ ನಾರೂ ಬಂತು. ಎಕ್ಸ್‌ರೇ ಹಾಯಿಸಿ, ಫಿಲ್ಮಿನ ಮೇಲೆ ಬಿದ್ದ ಚುಕ್ಕೆಗಳಿಂದ ಒಳಗಿನ ಆಕಾರ ಲೆಕ್ಕ ಹಾಕಬೇಕು. ಕೊಲಾಜೆನ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಗ್ಲೈಸಿನ್. ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಮೂರು ಎಳೆ ಹೊಸೆದ ಹುರಿಯ ನಡುವೆ ದೊಡ್ಡದಕ್ಕೆ ಜಾಗವೇ ಇಲ್ಲವಲ್ಲ! 1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಆ ಮೂರೆಳೆ ರಚನೆ ಪ್ರಕಟಿಸಿದರು.

ಪರಮಾಣುಗಳು ತೀರಾ ಒತ್ತೊತ್ತಾಗಿವೆ ಅಂತ ಕ್ರಿಕ್ ಮತ್ತು ರಿಚ್ ತಕರಾರು ತೆಗೆದರು. ಜಗಳಕ್ಕೆ ನಿಲ್ಲದೆ ರಾಮಚಂದ್ರನ್ ಮೂಲ ಪ್ರಶ್ನೆಗೇ ಹೋದರು: ಎರಡು ಪರಮಾಣು ಎಷ್ಟು ಹತ್ತಿರ ಬರಬಹುದು? ಅದರಿಂದ ಹುಟ್ಟಿದ್ದೇ 1963ರ ರಾಮಚಂದ್ರನ್ ನಕ್ಷೆ, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆಗಿದ್ದರು. ಪ್ರೋಟೀನ್ ಸರಪಳಿ ಎಲ್ಲಿ ಹೇಗೆ ಬಾಗಬಹುದು, ಎಲ್ಲಿ ಆಗದು ಅನ್ನೋದನ್ನು ಎರಡೇ ಕೋನಗಳಲ್ಲಿ ಅದು ತೋರಿಸುತ್ತದೆ. ನಮ್ಮ ಹಿಪ್ಪುನೇರಳೆ ತಿಂದ ಹುಳು ಬಿಡುವ ರೇಷ್ಮೆಯೂ ಪ್ರೋಟೀನೇ. ಅದರ ಸರಪಳಿ ಹೆಚ್ಚಾಗಿ ಚಾಚಿಕೊಂಡಿರುತ್ತದೆ, ಹಾಗಾಗಿ ನಕ್ಷೆಯ ಎಡ ಮೇಲ್ಭಾಗದಲ್ಲಿ ಕೂರುತ್ತದೆ. ಹೊಸ ಪ್ರೋಟೀನ್ ರಚನೆ ಸರಿಯೋ ತಪ್ಪೋ ಅಂತ ಇವತ್ತಿಗೂ ಈ ನಕ್ಷೆಯಲ್ಲಿಟ್ಟು ನೋಡ್ತಾರೆ.

1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಪ್ರಕಟಿಸಿದ ಗಣಿತ ವಿಧಾನ ಸಿಟಿ ಸ್ಕ್ಯಾನ್ ಚಿತ್ರ ಕಟ್ಟುವುದಕ್ಕೂ ನೆರವಾಯಿತು. ಅದೇ ಹೊತ್ತಿಗೆ ಬೆಂಗಳೂರಿಗೆ ಮರಳಿ, ಓದಿದ ಸಂಸ್ಥೆಯಲ್ಲೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯುನಿಟ್ ಕಟ್ಟಿದರು. ನೊಬೆಲ್ ಬರಲಿಲ್ಲ. ಕೊನೆಗಾಲದಲ್ಲಿ ಪಾರ್ಕಿನ್ಸನ್ಸ್ ಕಾಡಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ಆ ಯುನಿಟ್ ಈಗಲೂ ಇದೆ. ಭೌತಶಾಸ್ತ್ರ ಓದಿದವರನ್ನೂ ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತದೆ.