ಗ್ರೇ ಪುಸ್ತಕದ ಇನ್ನೊಬ್ಬ ಹೆನ್ರಿ

ಚೆನ್ನೈನಲ್ಲಿ ಫಿಸಿಯೋಥೆರಪಿಗೆ ಸೇರಿದ ಮೊದಲ ವರ್ಷದ ಮಕ್ಕಳಿಗೆ ಅಂಗರಚನಾಶಾಸ್ತ್ರ ಕಲಿಸುವುದು ನನ್ನ ಕೆಲಸ. ಎಂಬಿಬಿಎಸ್ ವಿದ್ಯಾರ್ಥಿಗಳ ಹಾಗೆ ನನ್ನ ಮಕ್ಕಳು ತಿಂಗಳುಗಟ್ಟಲೆ ಶವದ ಮುಂದೆ ನಿಂತು ತಾವೇ ಕೊಯ್ದು ಕಲಿಯುವುದಿಲ್ಲ. ಛೇದಿಸಿಟ್ಟ ಭಾಗಗಳನ್ನು ನೋಡುತ್ತಾರೆ, ಮೂಳೆಗಳನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾರೆ, ಉಳಿದದ್ದೆಲ್ಲ ಚಿತ್ರಗಳೇ. ಹಾಗಾಗಿ ಚಿತ್ರ ಬಿಡಿಸಿದವರ ಋಣ ನಮ್ಮ ಮೇಲೆ ತುಸು ಹೆಚ್ಚು. ಗ್ರೇಸ್ ಅನಾಟಮಿ ಬರೆದವರು ಯಾರು ಎಂದು ಕೇಳಿದರೆ ಉತ್ತರ ಪುಸ್ತಕದ ಹೆಸರಲ್ಲೇ ಇದೆ. ಅದರ ಚಿತ್ರಗಳು ಯಾರವು ಎಂದರೆ ತರಗತಿಯೇ ಮೌನ.

ಅವರ ಹೆಸರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಹುಟ್ಟಿದ್ದು 1831ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ಬೆಳೆದದ್ದು ಸ್ಕಾರ್‌ಬರೋ ಎಂಬ ಕಡಲೂರಿನಲ್ಲಿ. ತಂದೆ ಚಿತ್ರಕಾರ. ವ್ಯಾಂಡೈಕ್ ಎಂಬುದೂ ಒಬ್ಬ ದೊಡ್ಡ ಚಿತ್ರಕಾರನ ಹೆಸರೇ. ಮಗ ಮಾತ್ರ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಗೆ ವೈದ್ಯಕೀಯ ಓದಲು ಹೋದರು. ಅಲ್ಲಿ ಅವರಿಗಿಂತ ನಾಲ್ಕು ವರ್ಷ ಹಿರಿಯರಾದ ಹೆನ್ರಿ ಗ್ರೇ ಸಿಕ್ಕರು. ಗ್ರೇ ಮಹತ್ವಾಕಾಂಕ್ಷಿ, ಚುರುಕು. ಕಾರ್ಟರ್ ಸಂಕೋಚದ ಮನುಷ್ಯ. ದಿನಚರಿ ತುಂಬ ತಮ್ಮನ್ನೇ ತಾವು ದೂಷಿಸಿಕೊಳ್ಳುವ ಸ್ವಭಾವ.

1856ರಿಂದ ಸುಮಾರು ಹದಿನೆಂಟು ತಿಂಗಳು ಇಬ್ಬರೂ ಶವಗಳನ್ನು ಜೊತೆಯಾಗಿ ಛೇದಿಸಿದರು. ಗ್ರೇ ಬರೆದರು, ಕಾರ್ಟರ್ ಬಿಡಿಸಿದರು. 363 ಚಿತ್ರಗಳು. ಆಗಿನ ಮುದ್ರಣಕ್ಕೆ ಮರದ ಅಚ್ಚಿನ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಬಿಡಿಸಬೇಕಿತ್ತು. ಮೇಜಿನ ಮೇಲೆ ಮಲಗಿದ್ದವರು ಯಾರು ಎಂಬುದನ್ನೂ ಹೇಳಲೇಬೇಕು. ಹೇಳಿಕೊಳ್ಳುವವರಿಲ್ಲದೆ ಸತ್ತ ಲಂಡನ್ನಿನ ಬಡವರು ಅವರು. ಅವರ ಹೆಸರು ಯಾವ ಪುಟದಲ್ಲೂ ಇಲ್ಲ.

ನನ್ನಂಥ ಮೇಷ್ಟ್ರಿಗೆ ಕಾರ್ಟರ್ ಯಾಕೆ ದೊಡ್ಡವರೆಂದರೆ, ಹೆಸರುಗಳನ್ನು ಅವರು ಅಂಗಗಳ ಮೇಲೆಯೇ ಬರೆದರು. ಅದಕ್ಕೂ ಮುಂಚೆ ಹೆಚ್ಚಿನ ಪುಸ್ತಕಗಳಲ್ಲಿ ಚಿತ್ರದ ಮೇಲೆ ಸಣ್ಣ ಅಕ್ಷರ ಅಥವಾ ಅಂಕಿ ಇರುತ್ತಿತ್ತು, ಅದರ ಅರ್ಥವನ್ನು ಬೇರೆ ಕಡೆ ಹುಡುಕಬೇಕಿತ್ತು. ಕಾರ್ಟರ್ ಚಿತ್ರದಲ್ಲಿ ಸ್ನಾಯುವಿನ ಹೆಸರು ಸ್ನಾಯುವಿನ ಉದ್ದಕ್ಕೂ ಹರಿಯುತ್ತದೆ. ಎಳೆಗಳು ಯಾವ ದಿಕ್ಕಿಗೋ ಎಳೆತವೂ ಆ ದಿಕ್ಕಿಗೇ. ಫಿಸಿಯೋಥೆರಪಿಯವರಿಗೆ ಬೇಕಾದದ್ದು ಮುಖ್ಯವಾಗಿ ಇದೇ. ನಾನೂ ಮಕ್ಕಳ ಮುಂಗೈ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರನ್ನು ಹಾಗೇ ಬರೆಸುತ್ತೇನೆ. ಮಣಿಕಟ್ಟು ಮಡಚಿದಾಗ ಅಕ್ಷರಗಳು ಕುಗ್ಗುವುದು ಅವರಿಗೆ ಕಾಣಬೇಕು.

ಪುಸ್ತಕ 1858ರಲ್ಲಿ ಹೊರಬಂತು. ಗ್ರೇ ಅವರಿಗೆ ಪ್ರತಿ ಸಾವಿರ ಪ್ರತಿಗೆ 150 ಪೌಂಡ್. ಕಾರ್ಟರ್ ಅವರಿಗೆ ಒಟ್ಟಾರೆ ಒಂದೇ ಸಲ 150. ಅಷ್ಟು ಸಾಲದೆಂಬಂತೆ, ಮುಖಪುಟದ ಕರಡಿನಲ್ಲಿ ಕಾರ್ಟರ್ ಹೆಸರಿನ ಅಕ್ಷರಗಳನ್ನು ಚಿಕ್ಕದು ಮಾಡುವಂತೆ ಗ್ರೇ ಗುರುತು ಹಾಕಿದರು. ಇದನ್ನು ಸಣ್ಣತನ ಎನ್ನದೆ ಬೇರೆ ಏನೆನ್ನಲಿ? ಗ್ರೇ ಕೂಡ ಬಹಳ ಕಾಲ ಬಾಳಲಿಲ್ಲ. ಸಿಡುಬು ಬಂದಿದ್ದ ಸೋದರಳಿಯನ ಆರೈಕೆ ಮಾಡುತ್ತಾ ತಾವೂ ಸಿಡುಬಿಗೆ ತುತ್ತಾಗಿ 1861ರಲ್ಲಿ ತೀರಿಕೊಂಡರು. ಆಗ ವಯಸ್ಸು 34.

ಕಾರ್ಟರ್ ಪುಸ್ತಕಕ್ಕಾಗಿ ಕಾಯದೆ 1858ರ ಮೊದಲಲ್ಲೇ ಮುಂಬಯಿ ಸೇರಿದ್ದರು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಹುಡುಗರಿಗೆ ಅಂಗರಚನೆ ಕಲಿಸಿದರು. ಮದುವೆಯೊಂದು ಕಹಿಯಾಯಿತು, ಆ ಕಥೆ ಇಲ್ಲಿ ಬೇಡ. ಆಮೇಲೆ ಸತಾರಾದಲ್ಲಿ ಸಿವಿಲ್ ಸರ್ಜನ್. ಅವರ ನಿಜವಾದ ಕೆಲಸ ನಡೆದದ್ದು ಭಾರತದಲ್ಲೇ ಎಂಬುದು ನನ್ನ ಲೆಕ್ಕ.

ಬರಿಗಾಲಲ್ಲಿ ಹೊಲ ಉಳುವವರ ಪಾದಕ್ಕೆ ಮುಳ್ಳು ಚುಚ್ಚಿ, ಪಾದ ಊದಿ, ತೂತು ತೂತಾಗಿ, ಕೊನೆಗೆ ಕತ್ತರಿಸಿ ಹಾಕಬೇಕಾಗುತ್ತಿದ್ದ ಕಾಯಿಲೆಯೊಂದಿತ್ತು. ಅದನ್ನು ಮೊದಲು ವರದಿ ಮಾಡಿದ್ದು ನಮ್ಮ ಪಕ್ಕದ ಮಧುರೈನಿಂದ, ಅದಕ್ಕೇ ಮಧುರಾ ಪಾದ ಎಂಬ ಹೆಸರು. ಅದಕ್ಕೆ ಶಿಲೀಂಧ್ರ ಕಾರಣ ಎಂದು ತೋರಿಸಿ, ಮೈಸಿಟೋಮಾ ಎಂಬ ಹೆಸರಿಟ್ಟವರು ಕಾರ್ಟರ್.

ಕುಷ್ಠರೋಗದಲ್ಲಿ ನರಗಳು ದಪ್ಪವಾಗುವುದನ್ನೂ ಅವರು ಛೇದಿಸಿ, ಚಿತ್ರಿಸಿ ಇಟ್ಟರು. ಮೊಣಕೈ ಮೂಲೆಗೆ ತಗುಲಿದರೆ ಕರೆಂಟು ಹೊಡೆದಂತಾಗುತ್ತದಲ್ಲ, ಅದು ಅಲ್ನಾರ್ ನರ. ಅದು ಸತ್ತರೆ ಕಿರುಬೆರಳು, ಉಂಗುರಬೆರಳು ಕೊಕ್ಕೆಯಾಗುತ್ತವೆ; ಅನ್ನ ಕಲಸಲೂ ಆಗದು. 1873ರಲ್ಲಿ ಕಾರ್ಟರ್ ನಾರ್ವೆಗೆ ಹೋಗಿ ಅಲ್ಲಿನ ಕುಷ್ಠ ಆಸ್ಪತ್ರೆಗಳನ್ನು ನೋಡಿ ಬಂದರು. ರೋಗಿಗಳನ್ನು ಪ್ರತ್ಯೇಕವಾಗಿಡಬೇಕೆಂಬ ಅವರ ಸಲಹೆಯನ್ನು ಇಂದು ಒಪ್ಪಲಾರೆ. ಆದರೆ ನರದ ಮೇಲೆ ಅವರಿಟ್ಟ ಕಣ್ಣು ಸರಿಯಾಗಿತ್ತು. ಎಪ್ಪತ್ತು ವರ್ಷಗಳ ಮೇಲೆ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅಂಥ ಕೈಗಳಿಗೆ ಬೇರೆ ಸ್ನಾಯುವಿನ ಕಂಡರವನ್ನು ಜೋಡಿಸಿ ಬೆರಳು ನೇರ ಮಾಡಿದರು. ಜೋಡಿಸಿದ ಸ್ನಾಯುವಿಗೆ ಹೊಸ ಕೆಲಸ ಕಲಿಸುವವರು ಫಿಸಿಯೋಥೆರಪಿಸ್ಟರು. ಈ ಪಾಠ ಬಂದ ದಿನ ಹಿಂದಿನ ಬೆಂಚೂ ತಲೆಯೆತ್ತುತ್ತದೆ.

ಧಾತು, ಈಶ್ವರ ಸಂವತ್ಸರಗಳ ಬರ ನಮ್ಮ ಮೈಸೂರು ಸೀಮೆಯನ್ನು ಹೇಗೆ ಹಿಂಡಿತೋ ತಮಿಳುನಾಡನ್ನೂ ಹಾಗೇ ಹಿಂಡಿತು. ಇಲ್ಲಿನವರಿಗೂ ಅದು ‘ದಾದು ವರುಷ’ದ ಬರವೇ. 1877ರಲ್ಲಿ ಹಸಿದವರು ಮುಂಬಯಿಗೆ ನುಗ್ಗಿದಾಗ ಮರುಕಳಿಸುವ ಜ್ವರ ಹಬ್ಬಿತು. ರೋಗಿಗಳ ರಕ್ತದಲ್ಲಿ ಸುರುಳಿಯಾಕಾರದ ಜೀವಾಣುವನ್ನು ಕಾರ್ಟರ್ ಕಂಡರು. ಆ ಜ್ವರ ಅವರಿಗೂ ಅಂಟಿತು. ಬದುಕಿಕೊಂಡು ಅದರ ಮೇಲೆ ಪುಸ್ತಕ ಬರೆದರು.

1888ರಲ್ಲಿ ನಿವೃತ್ತರಾಗಿ ಸ್ಕಾರ್‌ಬರೋಗೆ ಮರಳಿದರು. ಎರಡನೆಯ ಮದುವೆ ಆಮೇಲೆ ಆಯಿತು. 1897ರ ಮೇ 4ರಂದು ಕ್ಷಯದಿಂದ ತೀರಿಕೊಂಡರು. ಅವರ ದಿನಚರಿ ಈಗ ಲಂಡನ್ನಿನ ವೆಲ್‌ಕಮ್ ಗ್ರಂಥಾಲಯದಲ್ಲಿದೆ.